ಪುಸ್ತಕದ ಪ್ರಕಾರ ಅರವತ್ತನಾಲ್ಕು ಮೆಟ್ಟಿಲು

ನಗರಸಭೆಯ ಮುದ್ರಣಾಲಯದಲ್ಲಿ ಕರಡು ತಿದ್ದುವ ಹೆಂಗಸನ್ನು ಎಲ್ಲರೂ ಕೊಂಬಕ್ಕ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ಕುಡಿಯುವ ನೀರಿನ ಯೋಜನೆ’ ಎಂಬ ಪ್ರಕಟಣೆಯ ಮೊದಲಕ್ಷರದ ಕೊಂಬು ಬಿದ್ದುಹೋಗಿ ‘ಕಡಿಯುವ ನೀರಿನ ಯೋಜನೆ’ ಎಂದಾಗಿತ್ತು. ಯಂತ್ರ ಓಡಲು ಅರ್ಧ ಗಂಟೆ ಇರುವಾಗ ಅದನ್ನು ಹಿಡಿದು ನಿಲ್ಲಿಸಿದವಳು ಅವಳು. ಅದಾಗಿ ಇಪ್ಪತ್ತಾರು ವರ್ಷ. ಅಲ್ಲಿಂದ ಇಲ್ಲಿಯತನಕ ಅವಳು ಸಾವಿರಾರು ತಪ್ಪು ಹಿಡಿದಿದ್ದಳು, ಆದರೆ ಭೇಷ್ ಎಂದವರು ಯಾರೂ ಇಲ್ಲ. ತಪ್ಪಿಲ್ಲದ ಪುಟ ಯಾರ ಕಣ್ಣಿಗೂ ಬೀಳುವುದಿಲ್ಲ, ಅದೇ ಆ ಕಸುಬಿನ ಹಣೆಬರಹ.

ಮನೆಯಲ್ಲಿ ಅವಳೂ ಸೇರಿ ಮೂರೇ ಜನ. ಗಂಡ ಲಿಫ್ಟ್ ರಿಪೇರಿ ಮಾಡುವವನು, ಮಾತು ಕಡಿಮೆ. ಅತ್ತೆ ಹಳೆಯ ಪೇಟೆಯಲ್ಲಿ ನಲವತ್ತು ವರ್ಷ ಮನೆಮನೆಗೆ ಹೋಗಿ ಹೆರಿಗೆ ಮಾಡಿಸಿದ ನರ್ಸ್. ಮಗ ಆಡದೆ ಉಳಿಸಿದ ಮಾತನ್ನೆಲ್ಲ ಅವರೇ ಆಡಿ ಮುಗಿಸುತ್ತಿದ್ದರು.

ಆ ವರ್ಷ ನಗರಸಭೆಗೆ ಹೊಸ ಆಯುಕ್ತರು ಬಂದರು. ಹಳೆಯ ವಸ್ತುಗಳೆಂದರೆ ಅವರಿಗೆ ಪ್ರಾಣ. ಬಂದ ತಿಂಗಳಲ್ಲೇ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ಅವರಿಗೊಂದು ನಿಧಿ ಸಿಕ್ಕಿತು. ಕೆಂಪು ಬಟ್ಟೆಯ ರಟ್ಟು, ಅಂಗೈಯಗಲದ ಗಾತ್ರ, ಬಿಚ್ಚಿದರೆ ಟವೆಲಿನಷ್ಟು ದೊಡ್ಡದಾಗುವ ನಕ್ಷೆ. ನೂರಾ ಮೂವತ್ತು ವರ್ಷದ ಹಿಂದೆ ಯಾರೋ ಬರೆದ, ಹಳೆಯ ಪೇಟೆಯನ್ನು ಒಂದೇ ದಿನದಲ್ಲಿ ಕಾಲ್ನಡಿಗೆಯಲ್ಲಿ ನೋಡಿ ಮುಗಿಸುವ ಪ್ರವಾಸಿ ಕೈಪಿಡಿ. ಲೇಖಕ ಹೆಸರು ಹಾಕಿಕೊಂಡಿರಲಿಲ್ಲ, ‘ಓರ್ವ ಪಯಣಿಗ’ ಎಂದಷ್ಟೇ ಇತ್ತು.

ಆಯುಕ್ತರು ಕೊಂಬಕ್ಕನನ್ನು ಕರೆಸಿದರು. ಇಪ್ಪತ್ತಾರು ವರ್ಷದಲ್ಲಿ ಆ ಕೋಣೆಯೊಳಗೆ ಅವಳು ಕಾಲಿಟ್ಟಿದ್ದು ಅದೇ ಮೊದಲು.

“ಇದನ್ನ ಮತ್ತೆ ಅಚ್ಚು ಹಾಕಿಸ್ತಾ ಇದ್ದೀವಿ ಮೇಡಂ,” ಎಂದರು ಆಯುಕ್ತರು, ಪುಸ್ತಕವನ್ನು ಕೈವಸ್ತ್ರದ ಮೇಲಿಟ್ಟು ಮುಂದಕ್ಕೆ ತಳ್ಳುತ್ತ. “ನಗರಕ್ಕೆ ನಾನೂರು ವರ್ಷ ತುಂಬುತ್ತಲ್ಲ, ಅವತ್ತು ಮಂತ್ರಿಗಳು ಬಿಡುಗಡೆ ಮಾಡ್ತಾರೆ. ಬಂದ ಪ್ರವಾಸಿಗಳೆಲ್ಲ ಇದನ್ನ ಕೈಲಿ ಹಿಡ್ಕೊಂಡು ಪೇಟೇಲಿ ನಡೀಬೇಕು. ಒಂದಕ್ಷರ ಆಚೀಚೆ ಆಗಬಾರದು.”

“ಪುಸ್ತಕದಲ್ಲೇ ತಪ್ಪಿದ್ರೆ ಸಾರ್?”

ಆಯುಕ್ತರು ನಕ್ಕರು. “ನೂರಾ ಮೂವತ್ತು ವರ್ಷದ ಪುಸ್ತಕದಲ್ಲಿ ತಪ್ಪಾ? ಆ ಕಾಲದವರು ನಮ್ಮ ಹಾಗಲ್ಲ ಮೇಡಂ.”

ಕೊಂಬಕ್ಕನಿಗೆ ಒಂದು ಚಾಳಿ. ಟೆಲಿಫೋನ್ ಪಟ್ಟಿಯ ಕರಡು ಬಂದರೆ ಹತ್ತು ನಂಬರಿಗಾದರೂ ಫೋನ್ ಮಾಡಿ ನೋಡುವಳು. ಹಾಗಾಗಿ ಭಾನುವಾರ ಬೆಳಿಗ್ಗೆ ಪುಸ್ತಕ, ಪೆನ್ಸಿಲ್ ಹಿಡಿದು ಹಳೆಯ ಪೇಟೆಗೆ ಹೊರಟಳು. ಅತ್ತೆ ಆಗಲೇ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

“ನೀವ್ಯಾಕೆ ಅತ್ತೆ? ಮಂಡಿ ನೋವು ಅಂತೀರಿ.”

“ನನ್ನ ಪೇಟೆ ನನಗೆ ತೋರಿಸೋಕೆ ಯಾರೋ ಪುಸ್ತಕ ಬರೆದಿದ್ದಾನಂತೆ. ಏನು ಬರೆದಿದ್ದಾನೆ ನೋಡೋದು ಬೇಡ್ವಾ? ನಡಿ.”

ನಡಿಗೆ ಶುರುವಾಗುವುದೇ ಪೇಟೆಯ ಕಲ್ಲಿನ ಮೆಟ್ಟಿಲುಗಳಿಂದ. ಕೊಂಬಕ್ಕ ಓದಿದಳು: “‘ವಾಚಕ ಮಹಾಶಯರು ಇಲ್ಲಿಂದ ಅರವತ್ತನಾಲ್ಕು ಮೆಟ್ಟಿಲುಗಳನ್ನು ಏರತಕ್ಕದ್ದು. ನಡುವಿನಲ್ಲಿ ಎರಡು ಬಾರಿ ನಿಂತು ನಿಟ್ಟುಸಿರು ಬಿಡಲು ಅಡ್ಡಿಯಿಲ್ಲ.’”

ಎಣಿಸುತ್ತ ಹತ್ತಿದರು. ಮೇಲೆ ಮುಟ್ಟಿದಾಗ ಅರವತ್ತೊಂದು. ಕೊಂಬಕ್ಕ ಇಳಿದು ಮತ್ತೆ ಎಣಿಸಿದಳು. ಅಷ್ಟೇ ಆಯಿತು.

“ಸುಮ್ನೆ ಯಾಕೆ ಹತ್ತಿ ಇಳೀತೀಯ?” ಎಂದರು ಅತ್ತೆ. “ಅರವತ್ತೊಂದೇ. ನಲವತ್ತು ವರ್ಷ ಬ್ಯಾಗು ಹೊತ್ಕೊಂಡು ಹತ್ತಿದ್ದೀನಿ. ಒಂದೊಂದು ಮೆಟ್ಟಿಲಿಗೂ ಬೇರೆಬೇರೆಯಾಗಿ ಬೈದಿದ್ದೀನಿ. ಇನ್ನು ಮೂರು ಇದ್ದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ?”

ಮೆಟ್ಟಿಲ ತುದಿಗೇ ಅಂಟಿಕೊಂಡಂತೆ ಗಡಿಯಾರ ರಿಪೇರಿಯ ಅಂಗಡಿ. ಕೊನೆಯ ಮೆಟ್ಟಿಲು, ಒಂದು ಅಡ್ಡಗಲ್ಲು, ಆಮೇಲೆ ಅಂಗಡಿಯ ಹೊಸ್ತಿಲು. ರಿಪೇರಿಯವನು ಎಡಗಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿ ತೆಗೆಯದೆಯೇ ಹೊರಬಂದು ಅತ್ತೆಗೆ ಸ್ಟೂಲು ಹಾಕಿದ, ನೀರು ಕೊಟ್ಟ. “ಅರವತ್ತೊಂದು, ಎರಡು ಸಲ ಎಣಿಸಿದೆ,” ಎಂದಳು ಕೊಂಬಕ್ಕ ಅವನಿಗೆ. “ನಮ್ಮಪ್ಪನ ಕಾಲದಿಂದ ಅಷ್ಟೇ ಅಕ್ಕ,” ಎಂದ ಅವನು.

ಮುಂದೆ ಹೋದಷ್ಟೂ ಪುಸ್ತಕ ಒಂದು ದಾರಿ ಹಿಡಿಯಿತು, ಪೇಟೆ ಇನ್ನೊಂದು. ಕಾರಂಜಿ ಚೌಕದ ಎಡಕ್ಕಿದೆ ಎಂದು ಪುಸ್ತಕ, ಕಾರಂಜಿ ಇರುವುದು ಬಲಕ್ಕೆ. ಗಂಟೆಗೋಪುರ ಹತ್ತಿದರೆ ‘ಬೆಳ್ಳಿಯ ನಡುಪಟ್ಟಿಯಂತೆ’ ನದಿ ಕಾಣುವುದಂತೆ. ಹತ್ತಿ ನೋಡಿದರೆ ನದಿಗೂ ಗೋಪುರಕ್ಕೂ ಮಧ್ಯೆ ಒಂದು ಇಡೀ ಗುಡ್ಡ. ಮೂರನೆಯ ಓಣಿಯ ಎರಡನೆಯ ಮನೆಯ ಕಿಟಕಿಯಲ್ಲಿ ‘ಓರ್ವ ವೃದ್ಧೆಯು ಲೇಸು ಹೆಣೆಯುತ್ತಾ ಕುಳಿತಿರುವಳು, ಆಕೆಯತ್ತ ಕೈ ಬೀಸಿದಲ್ಲಿ ಪ್ರತಿಯಾಗಿ ಕೈ ಬೀಸುವಳು’ ಎಂದಿತ್ತು. ಅಲ್ಲಿ ಈಗ ನಗರಸಭೆಯ ಕೆಟ್ಟ ಬೀದಿದೀಪಗಳ ಉಗ್ರಾಣ.

ಅತ್ತೆ ಉಗ್ರಾಣದ ಜಗಲಿಯ ಮೇಲೆ ಕೂತು ಮಂಡಿ ನೀವಿಕೊಂಡರು. “ಮುದುಕಿ ಸತ್ತಿರಬಹುದು, ಒಪ್ಪಿದೆ. ಗುಡ್ಡ ಯಾವಾಗ ಬಂತು? ಬರೆದುಕೋ, ಈ ಮನುಷ್ಯ ಈ ಊರಿಗೆ ಕಾಲೇ ಇಟ್ಟಿಲ್ಲ.”

ಕೊಂಬಕ್ಕ ಅದನ್ನು ಬರೆದುಕೊಳ್ಳಲಿಲ್ಲ. ಕರಡು ತಿದ್ದುವವರು ಅಭಿಪ್ರಾಯ ಬರೆಯುವುದಿಲ್ಲ. ಇದು ಹೀಗಿದೆ, ಅದು ಹಾಗಿದೆ ಎಂದು ಗುರುತು ಮಾಡುತ್ತಾರೆ, ಅಷ್ಟೇ. ಸೋಮವಾರ ಅವಳು ಹಾಳೆಯ ನಡುವೆ ಗೆರೆ ಎಳೆದು, ಎಡಗಡೆ ‘ಪುಸ್ತಕದಲ್ಲಿ’ ಎಂದೂ ಬಲಗಡೆ ‘ನಗರದಲ್ಲಿ’ ಎಂದೂ ತಲೆಬರಹ ಹಾಕಿ, ನಲವತ್ತೊಂದು ವ್ಯತ್ಯಾಸಗಳನ್ನು ದುಂಡಗೆ ಬರೆದು ಆಯುಕ್ತರಿಗೆ ಕಳಿಸಿದಳು. ಮೆಟ್ಟಿಲಿನದು ಮೊದಲನೆಯ ನಂಬರು.

ಹದಿನೈದು ದಿನ ಸದ್ದಿಲ್ಲ. ಹದಿನಾರನೆಯ ದಿನ ಅವಳಿಗೆ ಸಭೆಯ ಕರೆ ಬಂತು. ಉದ್ದನೆಯ ಮೇಜು, ತಿರುಗುವ ಕುರ್ಚಿಗಳು, ಒಂದೊಂದು ಕುರ್ಚಿಯ ಮುಂದೂ ಒಂದೊಂದು ಫಲಕ. ಅವಳ ಮುಂದಿನ ಫಲಕದಲ್ಲಿ ‘ತಜ್ಞೆ’ ಎಂದಿತ್ತು. ಆ ಪದವನ್ನು ಅವಳು ಸಾವಿರ ಸಲ ತಿದ್ದಿದ್ದಳು, ತನ್ನ ಮುಂದೆ ಇಟ್ಟಿದ್ದು ನೋಡಿರಲಿಲ್ಲ.

ಎದುರಿಗೆ ಇತಿಹಾಸದ ಪ್ರಾಧ್ಯಾಪಕರು. ಅವರು ಅವಳ ಪಟ್ಟಿಯನ್ನು ಎತ್ತಿ ಹಿಡಿದರು. “ಇಂಥ ಕೆಲಸ ನಮ್ಮ ವಿದ್ಯಾರ್ಥಿಗಳ ಕೈಲೂ ಆಗಿಲ್ಲ. ನಗರ ಎಲ್ಲೆಲ್ಲಿ ದಾರಿ ತಪ್ಪಿದೆ ಅನ್ನೋದನ್ನ ಈ ತಾಯಿ ಒಂದೂ ಬಿಡದ ಹಾಗೆ ಹಿಡಿದಿದ್ದಾರೆ. ನೋಡಿ, ನಗರ ದಿನಾ ಬದಲಾಗುತ್ತೆ. ಗ್ರಂಥ ಬದಲಾಗಲ್ಲ. ನಾವು ನಂಬಬೇಕಾದ್ದು ಯಾವುದನ್ನ?”

“ಗ್ರಂಥಾನ,” ಎಂದರು ಎಲ್ಲರೂ.

“ಹಾಗಾದ್ರೆ ನಗರಾನ ತಿದ್ದೋಣ,” ಎಂದರು ಆಯುಕ್ತರು.

ಕೊಂಬಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಚಹಾ ಬಂತು. ಬಿಸ್ಕತ್ತಿನ ತಟ್ಟೆಯನ್ನು ಆಯುಕ್ತರೇ ಅವಳ ಕಡೆ ಸರಿಸಿ, “ತಗೊಳ್ಳಿ ಮೇಡಂ, ಇದೆಲ್ಲ ನಿಮ್ಮ ಪುಣ್ಯ,” ಎಂದರು. ಎಲ್ಲರೂ ಅವಳತ್ತ ನೋಡಿ ತಲೆದೂಗಿದರು. ತೆರೆದ ಬಾಯಿಗೆ ಅವಳು ಬಿಸ್ಕತ್ತು ಹಾಕಿಕೊಂಡಳು.

ಮೂರು ದಿನದ ಮೇಲೆ ಕಾಮಗಾರಿ ಆದೇಶ ಕರಡಿಗಾಗಿ ಅವಳ ಮೇಜಿಗೇ ಬಂತು. ಅವಳದೇ ಪಟ್ಟಿ, ಅವಳವೇ ನಲವತ್ತೊಂದು ಸಾಲು. ತಲೆಬರಹಗಳು ಮಾತ್ರ ಬದಲಾಗಿದ್ದವು. ಎಡಗಡೆ ‘ಒಪ್ಪು’, ಬಲಗಡೆ ‘ತಪ್ಪು’. ಅವಳು ಪೆನ್ಸಿಲ್ ಹಿಡಿದು ಒಂದೊಂದು ಸಾಲನ್ನೂ ನೋಡಿದಳು. ಕೊಂಬು, ದೀರ್ಘ, ಒತ್ತಕ್ಷರ ಎಲ್ಲ ಸರಿಯಾಗಿಯೇ ಇದ್ದವು. ಕೆಳಗೆ ‘ಸರಿಯಿದೆ’ ಎಂದು ಬರೆದು ಸಹಿ ಹಾಕಿದಳು.

ಕೆಲಸ ಶುರುವಾಯಿತು. ಕಾರಂಜಿಯನ್ನು ಕಿತ್ತು ಎಡಕ್ಕೆ ತಂದರು. ಗುಡ್ಡ ತೆಗೆಯುವುದು ಆಗದ ಮಾತೆಂದು ಎಂಜಿನಿಯರ್ ಕೈ ಮುಗಿದದ್ದರಿಂದ ಗೋಪುರದ ಮೇಲೆ ಕಣ್ಣಿನ ಎತ್ತರಕ್ಕೆ ಒಂದು ತಗಡು ನಿಲ್ಲಿಸಿ ಅದರ ಮೇಲೆ ನದಿ ಬರೆಸಿದರು. ಅರವತ್ತೊಂದನೆಯ ಮೆಟ್ಟಿಲ ಮೇಲೆ ಇನ್ನು ಮೂರು ಮೆಟ್ಟಿಲು ಕಟ್ಟಿದರು. ಹತ್ತಿ ಬಂದವರು ಆಚೆ ಬದಿಯ ಬೀದಿಗೆ ಎರಡಡಿ ಕೆಳಗೆ ಧುಮುಕಬೇಕಾಯಿತು. ಇಳಿಯಲು ಆ ಕಡೆಗೂ ಮೂರು ಮೆಟ್ಟಿಲು ಕಟ್ಟೋಣ ಎಂದ ಎಂಜಿನಿಯರ್. ಹಾಗೆ ಮಾಡಿದರೆ ಒಟ್ಟು ಅರವತ್ತೇಳಾಗುತ್ತದೆ, ಗ್ರಂಥಕ್ಕೆ ಅಪಚಾರ ಎಂದು ಪ್ರಾಧ್ಯಾಪಕರು ತಡೆದರು.

ಉಗ್ರಾಣ ಖಾಲಿ ಮಾಡಿ, ಕಿಟಕಿಗೆ ಬಣ್ಣ ಬಳಿದು, ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು: ‘ವೃದ್ಧೆ, ಒಂದು ಹುದ್ದೆ, ತಾತ್ಕಾಲಿಕ. ಅರವತ್ತೈದು ವರ್ಷ ದಾಟಿರತಕ್ಕದ್ದು. ಲೇಸು ಹೆಣೆಯಲು ಹಾಗೂ ಕೈ ಬೀಸಲು ಬರತಕ್ಕದ್ದು. ಪೂರ್ವಾನುಭವ ಉಳ್ಳವರಿಗೆ ಆದ್ಯತೆ.’

ಅತ್ತೆ ಅದನ್ನು ಕತ್ತರಿಸಿಟ್ಟುಕೊಂಡು ಅರ್ಜಿ ಬರೆದರು.

“ಪೂರ್ವಾನುಭವ ಕೇಳ್ತಾರೆ ಅತ್ತೆ,” ಎಂದಳು ಕೊಂಬಕ್ಕ.

“ಮುದುಕಿಯಾಗಿ ನನಗೆ ಆಗಲೇ ಹತ್ತು ವರ್ಷ ಸರ್ವೀಸ್ ಆಗಿದೆ. ಇನ್ನೇನು ಬೇಕಂತೆ ಅವರಿಗೆ?”

ಹನ್ನೊಂದು ಅರ್ಜಿಗಳಲ್ಲಿ ಅತ್ತೆಯೇ ಆಯ್ಕೆಯಾದರು. ಲೇಸು ಹೆಣೆಯುವುದು ಅವರಿಗೆ ಬರುತ್ತಿರಲಿಲ್ಲ. ಅಂಗಡಿಯಿಂದ ತಂದ ಲೇಸಿನ ತುಂಡನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಮರೆಯಲ್ಲಿ ಪತ್ರಿಕೆ ಓದುತ್ತ, ಬಂದವರಿಗೆ ಕೈ ಬೀಸುತ್ತ ಕೂತರು. ಸಂಜೆ ಮನೆಗೆ ಬಂದು ಮಗನ ಮುಂದೆ, “ಇವತ್ತು ಮೂವತ್ತೆರಡು ಜನಕ್ಕೆ ಬೀಸಿದೆ, ಭುಜ ಬಿದ್ದುಹೋಯ್ತು,” ಎಂದು ಹೆಮ್ಮೆಯಿಂದ ನರಳುವರು.

ಆ ವಾರವೇ ಗಡಿಯಾರ ರಿಪೇರಿಯವನು ಮುದ್ರಣಾಲಯಕ್ಕೆ ಬಂದ. ಅಂಗಿಯ ಮುಂಭಾಗಕ್ಕೆಲ್ಲ ಗೋಡೆಯ ಸುಣ್ಣ ಮೆತ್ತಿತ್ತು.

“ಜಗಳಕ್ಕೆ ಬಂದಿಲ್ಲ ಅಕ್ಕ,” ಎಂದ ಅವನು, ನಿಂತೇ. “ಹೊಸ ಮೆಟ್ಟಿಲು ನನ್ನ ಬಾಗಿಲಿಗೆ ಅಡ್ಡ ಕೂತಿದೆ. ಹೊರಗಡೆ ತೆಗೆಯೋ ಬಾಗಿಲು, ತೆಗೆಯಕ್ಕಾಗ್ತಿಲ್ಲ. ನಾನು ಕಿಟಕಿ ಹತ್ತಿ ಒಳಗೆ ಹೋಗ್ತೀನಿ. ನನ್ನ ಗಿರಾಕಿಗಳೆಲ್ಲ ವಯಸ್ಸಾದೋರು, ಅವರು ಹೇಗೆ ಕಿಟಕಿ ಹತ್ತುತಾರೆ? ನಗರಸಭೇಲಿ ಕೇಳಿದ್ರೆ ಪಟ್ಟಿ ತೋರಿಸಿದ್ರು. ಒಂದನೇ ನಂಬರು ನೀವು ಬರೆದಿದ್ದಂತೆ.”

“ನಾನು ಎರಡೂ ಬರೆದೆ. ಪುಸ್ತಕದಲ್ಲಿ ಇಷ್ಟಿದೆ, ಇಲ್ಲಿ ಇಷ್ಟಿದೆ ಅಂತ. ಇರೋದು ತಪ್ಪು ಅಂತ ನಾನು ಬರೀಲಿಲ್ಲ.”

“ಪುಸ್ತಕ ತಪ್ಪು ಅಂತ ಬರೆದ್ರಾ?”

ಅವನು ಜೇಬಿನಿಂದ ಆದೇಶದ ಪ್ರತಿ ತೆಗೆದು ಮೇಜಿನ ಮೇಲೆ ಹರಡಿದ. “ಇದು ನಿಮ್ಮ ಸಹಿ ಅಲ್ವಾ? ‘ಸರಿಯಿದೆ’ ಅಂತ ಇದೆ. ಅವತ್ತು ನನ್ನ ಎದುರಿಗೇ ಎರಡು ಸಲ ಎಣಿಸಿದೆ ಅಂದ್ರಿ. ಅದಕ್ಕೇ ಕೇಳ್ಕೊಂಡು ಹೋಗೋಣ ಅಂತ ಬಂದೆ.” ಅಷ್ಟು ಹೇಳಿ, ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಹೊರಟುಹೋದ.

ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಕೊಂಬಕ್ಕನಿಗೆ. ಆ ಕೊರತೆಯನ್ನು ಮನೆಯಲ್ಲಿ ಅತ್ತೆ ತುಂಬಿಕೊಟ್ಟರು. “ಇಪ್ಪತ್ತಾರು ವರ್ಷ ಬೇರೆಯವರ ಕೊಂಬು ಸರಿ ಮಾಡಿದೆ. ಒಂದು ದಿನ ತಿರುಗೋ ಕುರ್ಚೀಲಿ ಕೂರಿಸಿದ್ದಕ್ಕೆ ನಿನಗೇ ಕೊಂಬು ಬಂತಾ?”

“ನೀವೂ ಕಿಟಕೀಲಿ ಕೂತಿದ್ದೀರಲ್ಲ ಅತ್ತೆ.”

“ನಾನು ಕೂತಿದ್ದರಿಂದ ಯಾರ ಬಾಗಿಲೂ ಮುಚ್ಚಿಲ್ಲ.”

ಲಿಫ್ಟ್ ರಿಪೇರಿಯ ಗಂಡ ತಟ್ಟೆಯಿಂದ ತಲೆ ಎತ್ತಿದ. “ಮೆಟ್ಟಿಲು ಅಂದ್ರೇನೇ ತೊಂದರೆ,” ಎಂದು ತನ್ನ ಕಸುಬಿನ ಮಾತು ಹೇಳಿ ಮತ್ತೆ ಊಟಕ್ಕೆ ತಗ್ಗಿದ.

ಮರುದಿನ ಕೊಂಬಕ್ಕ ಕರೆಯದೆಯೇ ಆಯುಕ್ತರ ಕೋಣೆಗೆ ಹೋದಳು. “ಸಾರ್, ತಪ್ಪು ಪುಸ್ತಕದ್ದು. ಇರೋದು ಅರವತ್ತೊಂದೇ ಮೆಟ್ಟಿಲು.”

“ಆಧಾರ?”

“ಎಣಿಸಿದ್ದೀನಿ ಸಾರ್.”

ಆಯುಕ್ತರಿಗೆ ಅವಳ ಮೇಲೆ ಕನಿಕರ ಹುಟ್ಟಿತು. “ಎಣಿಸೋದು ಆಧಾರ ಆಗಲ್ಲ ಮೇಡಂ. ನಾಳೆ ಇನ್ನೊಬ್ಬರು ಬಂದು ಎಣಿಸ್ತಾರೆ. ಎಲ್ಲಾದ್ರೂ ಅಚ್ಚಾಗಿದ್ರೆ ತನ್ನಿ.”

ಅವಳು ಹಳೆ ಪುಸ್ತಕದ ಅಂಗಡಿಗೆ ಹೋದಳು. ಅಂಗಡಿಯವನು ಹಳೆಯ ಪ್ರವಾಸಿ ಕೈಪಿಡಿಗಳ ಮೂರು ಪೆಟ್ಟಿಗೆ ಎಳೆದು ಮುಂದಿಟ್ಟ. ಯಾವುದೋ ಕಾಲದ ಹೋಟೆಲುಗಳು, ನಿಂತುಹೋದ ಟ್ರಾಮುಗಳು, ಪುಟಗಳ ನಡುವೆ ಒಣಗಿದ ಎಲೆ, ಯಾರೋ ಅಂಚಿನಲ್ಲಿ ಬರೆದ ‘ಇಲ್ಲಿ ಊಟ ಚೆನ್ನಾಗಿಲ್ಲ’. ನಾಲ್ಕು ಶನಿವಾರ ಅವಳು ನೆಲದ ಮೇಲೆ ಕೂತು ಒಂದೊಂದನ್ನೂ ಬಿಚ್ಚಿದಳು. ನಾಲ್ಕನೆಯ ಶನಿವಾರ ಪೆಟ್ಟಿಗೆಯ ತಳದಲ್ಲಿ ನೀಲಿ ರಟ್ಟಿನದೊಂದು ಸಿಕ್ಕಿತು. ಅದೇ ಪಯಣಿಗ, ಅದೇ ಪೇಟೆ. ‘ಪರಿಷ್ಕೃತ ದ್ವಿತೀಯ ಮುದ್ರಣ’ ಎಂದಿತ್ತು. ಅವಳು ಮುನ್ನುಡಿ ಓದಿದಳು.

‘ಪ್ರಥಮ ಮುದ್ರಣದ ಕಾಲಕ್ಕೆ ಲೇಖಕನು ಕಾಲುನೋವಿನಿಂದ ಹಾಸಿಗೆ ಹಿಡಿದಿದ್ದ ಕಾರಣ, ನಗರದ ವಿವರಗಳನ್ನು ತನ್ನ ಭಾವಮೈದುನನ ಪತ್ರಗಳಿಂದ ಸಂಗ್ರಹಿಸಿದ್ದನು. ಸದರಿ ಭಾವಮೈದುನನು ನಂಬತಕ್ಕ ಮನುಷ್ಯನಲ್ಲವೆಂಬುದು ತದನಂತರ ಇತರ ವಿಷಯಗಳಲ್ಲಿಯೂ ತಿಳಿದುಬಂದಿತು. ಆದ್ದರಿಂದ ಲೇಖಕನು ಸ್ವತಃ ನಡೆದು ಇದನ್ನು ತಿದ್ದಿರುವನು.’

ಮೆಟ್ಟಿಲು ಅರವತ್ತೊಂದು. ಕಾರಂಜಿ ಬಲಕ್ಕೆ. ಗೋಪುರದಿಂದ ಕಾಣುವುದು ‘ಒಂದು ಗುಡ್ಡ ಮಾತ್ರ’. ಅಂಗಡಿಯ ನೆಲದ ಮೇಲೆಯೇ ಅವಳು ಜೋರಾಗಿ ನಕ್ಕಳು.

ಸಭೆ ಸೇರಿತು. ಕೊಂಬಕ್ಕ ಈ ಸಲ ಚಹಾ ಬರುವ ಮೊದಲೇ ಎದ್ದು ನಿಂತು ಮುನ್ನುಡಿಯನ್ನು ಗಟ್ಟಿಯಾಗಿ ಓದಿದಳು. ಕೊನೆಗೆ, “ಈ ಪುಸ್ತಕವೂ ಬೇಕಾಗಿರಲಿಲ್ಲ ಸಾರ್. ಯಾರಾದ್ರೂ ಒಬ್ಬರು ಹೋಗಿ ಹತ್ತಿದ್ರೆ ಸಾಕಿತ್ತು,” ಎಂದಳು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಪ್ರಾಧ್ಯಾಪಕರು ಆಗಲೇ ನೀಲಿ ಪುಸ್ತಕವನ್ನು ಕೈವಸ್ತ್ರದ ಮೇಲಿಟ್ಟುಕೊಂಡು ಮೂಸಿ ನೋಡುತ್ತಿದ್ದರು. ದ್ವಿತೀಯ ಮುದ್ರಣವೇ ಅಧಿಕೃತವೆಂದು ನಿರ್ಣಯವಾಯಿತು. ನಗರವನ್ನು ಮತ್ತೊಮ್ಮೆ ತಿದ್ದಲು ಆದೇಶವಾಯಿತು.

ಹೊಸ ಮೆಟ್ಟಿಲು ಒಡೆದರು. ಗಡಿಯಾರದ ಅಂಗಡಿಯ ಬಾಗಿಲು ತೆರೆಯಿತು. ಆ ದಿನ ಕೊಂಬಕ್ಕ ಕೆಲಸಕ್ಕೆ ರಜೆ ಹಾಕಿ ಹೋಗಿ, ಅಂಗಡಿಯ ಮುಂದಿನ ಕಲ್ಲುಪುಡಿಯನ್ನು ತಾನೇ ಗುಡಿಸಿದಳು. ರಿಪೇರಿಯವನು ಬೇಡ ಎನ್ನಲಿಲ್ಲ, ಒಂದು ಬಕೆಟ್ ನೀರು ತಂದುಕೊಟ್ಟ. ಕಾರಂಜಿ ತನ್ನ ಜಾಗಕ್ಕೆ ಮರಳಿತು. ಆದರೆ ‘ಈಗ ಬತ್ತಿದೆ’ ಎಂದು ನೀಲಿ ಪುಸ್ತಕದಲ್ಲಿದ್ದುದರಿಂದ ಅದರ ನೀರು ನಿಲ್ಲಿಸಿದರು.

ಇಪ್ಪತ್ತೆರಡನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು: ‘ಲೇಸು ಹೆಣೆಯುತ್ತಿದ್ದ ವೃದ್ಧೆಯು ಕಾಲವಶಳಾದಳು.’ ನೀಲಿ ಪುಸ್ತಕ ನೋಡಿ ಮಾಡಿದ ಹೊಸ ಪಟ್ಟಿಯಲ್ಲಿ ಕೊಂಬಕ್ಕ ಅದನ್ನು ಬೇಕೆಂದೇ ಬಿಟ್ಟಿದ್ದಳು, ಪ್ರಾಧ್ಯಾಪಕರು ಬಿಡಲಿಲ್ಲ. ಅತ್ತೆಗೆ ಬರೆದ ಪತ್ರ ಕರಡಿಗೆ ಬಂತು: ‘ಪರಿಷ್ಕೃತ ಮುದ್ರಣದ ಪ್ರಕಾರ ತಾವು ಕಾಲವಶರಾಗಿರುವುದರಿಂದ ತಮ್ಮನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ.’

ಕೊಂಬಕ್ಕ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೆದಳು: ‘ಇದು ತಪ್ಪು. ಇವರು ಬದುಕಿದ್ದಾರೆ. ನಮ್ಮ ಮನೆಯಲ್ಲೇ ಇದ್ದಾರೆ.’ ಪತ್ರ ಸಂಜೆಯೊಳಗೆ ವಾಪಸು ಬಂತು. ‘ಕರಡು ತಿದ್ದುವವರು ಅಕ್ಷರದೋಷ ಮಾತ್ರ ನೋಡತಕ್ಕದ್ದು’ ಎಂದು ಮೇಲೆ ಷರಾ. ಅವಳು ಸಹಿ ಹಾಕಲಿಲ್ಲ. ಅವಳನ್ನು ಸಭೆಯಿಂದ ಕೈಬಿಟ್ಟರು. ಪತ್ರವನ್ನು ಬೇರೆ ಯಾರೋ ನೋಡಿ, ಎರಡು ಒತ್ತಕ್ಷರ ನುಂಗಿ, ಕಳಿಸಿದರು.

ಅತ್ತೆ ಪತ್ರ ಹಿಡಿದು ಆಯುಕ್ತರ ಮುಂದೆ ಹೋಗಿ ನಿಂತರು. “ನೋಡಪ್ಪ, ನಾನು ಸತ್ತಿಲ್ಲ.”

ಆಯುಕ್ತರು ಎದ್ದು ನಿಂತು ಕುರ್ಚಿ ತೋರಿಸಿದರು. “ಅಮ್ಮ, ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ. ಹುದ್ದೆ ತೀರಿಕೊಂಡಿದೆ ಅಷ್ಟೇ. ನಿಮ್ಮ ಆರೋಗ್ಯದ ಬಗ್ಗೆ ನಗರಸಭೆಗೆ ಯಾವ ತಕರಾರೂ ಇಲ್ಲ.”

ನಾನೂರನೆಯ ವರ್ಷದ ದಿನ ಬಂತು. ಮಂತ್ರಿಗಳು ಕಾರಿನಲ್ಲೇ ಪೇಟೆ ಸುತ್ತಿ ಕಾಲ್ನಡಿಗೆಯನ್ನು ಉದ್ಘಾಟಿಸಿದರು. ಪುಸ್ತಕ ನೀಲಿ ರಟ್ಟಿನಲ್ಲಿ ಚೆನ್ನಾಗಿಯೇ ಬಂದಿತ್ತು. ಪ್ರವಾಸಿಗಳು ಅದನ್ನು ಹಿಡಿದು ಅರವತ್ತೊಂದು ಮೆಟ್ಟಿಲು ಹತ್ತಿ, ಬತ್ತಿಸಿದ ಕಾರಂಜಿ ನೋಡಿ, ಗೋಪುರದಿಂದ ಗುಡ್ಡ ನೋಡಿ, ಮುಚ್ಚಿದ ಕಿಟಕಿಯ ಮುಂದೆ ನಿಂತು, “ಇಷ್ಟೇನಾ?” ಎಂದು ಒಬ್ಬರ ಮುಖ ಒಬ್ಬರು ನೋಡತೊಡಗಿದರು.

ಅತ್ತೆಗೆ ಮನೆಯಲ್ಲಿ ಕೂತು ಅಭ್ಯಾಸ ತಪ್ಪಿಹೋಗಿತ್ತು. ಅವರು ಗಡಿಯಾರದ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂರಲು ಶುರುಮಾಡಿದರು. ಏದುಸಿರು ಬಿಡುತ್ತ ಹತ್ತಿ ಬಂದವರಿಗೆ, “ಆ ಪುಸ್ತಕ ಚೀಲದಲ್ಲಿಡಿ, ನನ್ನ ಜೊತೆ ಬನ್ನಿ,” ಎನ್ನುವರು. ಪೇಟೆಯ ಒಂದೊಂದು ಮನೆಯನ್ನೂ ಅವರು ಒಳಗಿನಿಂದ ಬಲ್ಲವರು. ಈ ಕೋಣೆಯಲ್ಲಿ ಹುಟ್ಟಿದ ಹೆಣ್ಣುಮಗು ಈಗ ದೊಡ್ಡ ವಕೀಲೆ. ಆ ಮಹಡಿಯ ಗಂಡಸು ಹೆಂಡತಿಯ ಹೆರಿಗೆ ನೋವಿಗೆ ಹೆದರಿ ಓಡಿಹೋಗಿ ಮೂರು ದಿನ ಗೋಪುರದಲ್ಲಿ ಅಡಗಿದ್ದ. ಈ ಗೋಡೆಯ ಬಿರುಕು ಎರಡು ಮನೆಗಳ ಜಗಳದ್ದು, ಆ ಕಿಟಕಿ ಅವರು ರಾಜಿಯಾದಾಗ ಇಟ್ಟದ್ದು. ಜನ ಗುಂಪುಗಟ್ಟಿ ಬರತೊಡಗಿದರು. ಅಧಿಕೃತ ಮುದ್ರಣಕ್ಕೆ ವಿರುದ್ಧವಾಗಿ ನಡಿಗೆ ನಡೆಸುತ್ತಿರುವುದಕ್ಕೆ ವಿವರಣೆ ಕೇಳಿ ನಗರಸಭೆಯಿಂದ ನೋಟಿಸು ಬಂತು. ಕಾಲವಶರಾದವರು ವಿವರಣೆ ಕೊಡುವ ವಾಡಿಕೆ ಇಲ್ಲವೆಂದು ಅತ್ತೆ ಅದರ ಹಿಂದೆಯೇ ಬರೆದು ಕಳಿಸಿದರು. ಆಮೇಲೆ ನೋಟಿಸು ಬರಲಿಲ್ಲ.

ಒಂದು ಭಾನುವಾರ ಕೊಂಬಕ್ಕನೂ ಗುಂಪಿನ ಹಿಂದೆ ನಡೆದಳು. ಮೂಲೆಯ ಹಳದಿ ಮನೆಯ ಮುಂದೆ ಅತ್ತೆ ನಿಂತು, ಅಲ್ಲಿ ಒಂದೇ ಬೆಳಗಿನಲ್ಲಿ ತಾವು ತ್ರಿವಳಿಗಳನ್ನು ಹೆರಿಗೆ ಮಾಡಿಸಿದ ಕತೆ ಹೇಳಿದರು. ಜನ ಬಾಯಿ ಬಿಟ್ಟುಕೊಂಡು ಕೇಳಿದರು. ಗುಂಪು ಮುಂದೆ ಸರಿದ ಮೇಲೆ ಕೊಂಬಕ್ಕ ಅತ್ತೆಯ ಪಕ್ಕಕ್ಕೆ ಬಂದಳು.

“ಅತ್ತೆ, ನಮ್ಮ ಮದುವೆಯಾದಾಗಿಂದ ನೀವು ಆ ಮನೇಲಿ ಅವಳಿ ಅಂತಾನೇ ಹೇಳ್ತಿದ್ರಿ.”

“ಹೌದು, ಅವಳಿನೇ.”

“ಮತ್ತೆ ಈಗ ತ್ರಿವಳಿ ಅಂದ್ರಿ?”

“ಇವತ್ತು ಎಷ್ಟು ಜನ ಬಂದಿದ್ದಾರೆ ನೋಡು,” ಎಂದರು ಅತ್ತೆ. “ಇಷ್ಟು ದೂರದಿಂದ ಬಂದೋರಿಗೆ ಎರಡೇ ಅಂತ ಹೇಳೋಕೆ ಮನಸ್ಸು ಬರಲಿಲ್ಲ.” ಅಷ್ಟು ಹೇಳಿ ಸೊಸೆಯ ತೋಳು ಹಿಡಿದು, ಕಾಯುತ್ತಿದ್ದ ಗುಂಪಿನ ಕಡೆ ಬಿರಬಿರನೆ ಹೆಜ್ಜೆ ಹಾಕಿದರು.